ಮೂರು ನೀಲಿ ಹೊಲಿಗೆ

ಪೊಲೀಸ್ ಜೀಪು ಬಂದು ನಿಂತಾಗ ಲಾಂಡ್ರಿ ಅಕ್ಕನ ಇಸ್ತ್ರಿ ಪೆಟ್ಟಿಗೆ ಹಲ್ಲಿನ ಡಾಕ್ಟರ ಬಿಳಿ ಶರ್ಟಿನ ಬೆನ್ನ ಮೇಲಿತ್ತು. ಇನ್‌ಸ್ಪೆಕ್ಟರು ಜೀಪಿನಿಂದ ಇಳಿದು, ಪ್ಯಾಂಟು ಮೇಲಕ್ಕೆಳೆದುಕೊಂಡು, ಎದುರುಮನೆಯ ಗೇಟು ತಳ್ಳಿದಾಗಲೂ ಅಲ್ಲೇ ಇತ್ತು. ಸುಟ್ಟ ವಾಸನೆ ಮೂಗಿಗೆ ಬಡಿದಮೇಲೆ ಅಕ್ಕ ಕೆಳಗೆ ನೋಡಿದಳು. ಡಾಕ್ಟರ ಬೆನ್ನಿಗೆ ದೋಣಿಯಾಕಾರದ ಕಂದು ಕಲೆ ಬಿದ್ದಿತ್ತು.

ಬೇರೆ ದಿನವಾಗಿದ್ದರೆ ಎದೆ ಬಡಿದುಕೊಳ್ಳುತ್ತಿದ್ದಳು. ಇವತ್ತು ಶರ್ಟನ್ನು ಬದಿಗೆ ತಳ್ಳಿ ಕಿಟಕಿಗೆ ಹೋದಳು. ಯಾಕೆಂದರೆ ಎದುರುಮನೆ ಲೈಬ್ರರಿ ಮೇಷ್ಟ್ರದ್ದು, ಮತ್ತು ಆ ಜೀಪು ಅಲ್ಲಿಗೆ ಬರಲು ಕಾರಣ ಯಾರೆಂದು ಆ ಬೀದಿಯಲ್ಲಿ ಅವಳಿಗೂ ಅವಳ ಗಂಡನಿಗೂ ಮಾತ್ರ ಗೊತ್ತಿತ್ತು.

ಅದು ಬೆಕ್ಕು ಗೋಡೆ ಹಾರಿದರೂ ಎರಡು ದಿನ ಮಾತಾಡುವಂಥ ಬೀದಿ. ಜೀಪಿನ ಸದ್ದು ಅಡಗುವುದರೊಳಗೆ ಎಲ್ಲರಿಗೂ ಹೊರಗಡೆ ಕೆಲಸ ಬಂದುಬಿಟ್ಟಿತು. ನಿವೃತ್ತ ಪೋಸ್ಟ್‌ಮಾಸ್ಟರು ಬೆಳಿಗ್ಗೆಯೇ ಗುಡಿಸಿದ ಅಂಗಳವನ್ನು ಮತ್ತೊಮ್ಮೆ ಗುಡಿಸತೊಡಗಿದರು. ಹಲ್ಲಿನ ಡಾಕ್ಟರು ರಾತ್ರಿಯ ಮಳೆಯಲ್ಲಿ ನೆಂದು ತೊಪ್ಪೆಯಾಗಿದ್ದ ಗಿಡಗಳಿಗೆ ನೀರು ಹಾಕಲು ನಿಂತರು.

ಶನಿವಾರ ಸಂಜೆ ಮೂಲೆಮನೆಯಮ್ಮನ ಮನೆಯಿಂದ ಹಳೆಯ ಚದುರಂಗದ ಪೆಟ್ಟಿಗೆಯೊಂದು ಕಳುವಾಗಿತ್ತು. ಕಳ್ಳ ಹಿತ್ತಿಲ ಗೋಡೆ ಹಾರುವಾಗ ಅವನ ಕೋಟು ಮುಳ್ಳುತಂತಿಗೆ ಸಿಕ್ಕಿ ಅಲ್ಲೇ ಉಳಿದಿತ್ತು. ಬೆಳ್ಳಿ ಸಾಮಾನು ಇದ್ದಲ್ಲೇ ಇದ್ದವು. ಚದುರಂಗದ ಹುಚ್ಚಿರುವವನೇ ಕಳ್ಳ ಎಂದು ಇನ್‌ಸ್ಪೆಕ್ಟರು ತೀರ್ಮಾನಿಸಿದ್ದರು. ಬೀದಿಯಲ್ಲಿ ಆ ಹುಚ್ಚಿದ್ದದ್ದು ಲೈಬ್ರರಿ ಮೇಷ್ಟ್ರಿಗೆ. ಆ ಪೆಟ್ಟಿಗೆಯನ್ನು ಒಂದು ವಾರದ ಮಟ್ಟಿಗೆ ಕೊಡಿ ಎಂದು ಅವರು ಮೂಲೆಮನೆಯಮ್ಮನನ್ನು ಮೂರು ಸಲ ಕೇಳಿ ಮೂರು ಸಲವೂ ಬೈಸಿಕೊಂಡಿದ್ದರು.

ಮೇಷ್ಟ್ರು ಬಾಗಿಲು ತೆರೆದರು. ಒಣಕಲು ಆಳು, ಮೂಗಿನ ತುದಿಯಲ್ಲಿ ಕನ್ನಡಕ. ಇನ್‌ಸ್ಪೆಕ್ಟರು ತಮ್ಮ ಎಂದಿನ ದೊಡ್ಡ ಗಂಟಲಿನಲ್ಲಿ ಆರೋಪ ಓದಲು ಶುರುಮಾಡಿದರು. ಮೂವತ್ತು ವರ್ಷ ಗ್ರಂಥಾಲಯದಲ್ಲಿ ಕಳೆದ ಮೇಷ್ಟ್ರ ಬೆರಳು ತಾನಾಗಿಯೇ ತುಟಿಗೆ ಹೋಯಿತು.

ಇನ್‌ಸ್ಪೆಕ್ಟರಿಗೂ ಅದೇನಾಯಿತೋ, ಶಾಲೆಯ ನೆನಪು ಬಂತೋ ಏನೋ, ದನಿ ತಗ್ಗಿಸಿಬಿಟ್ಟರು. ಕಾನ್‌ಸ್ಟೇಬಲ್ಲನೂ ಬೂಟು ಸದ್ದಾಗದಂತೆ ಹೆಜ್ಜೆಯಿಟ್ಟ. ಹಾಗಾಗಿ ಇಡೀ ಬಂಧನ ಪಿಸುಮಾತಿನಲ್ಲೇ ನಡೆದುಹೋಯಿತು. ಅಷ್ಟು ಕಷ್ಟಪಟ್ಟು ಹೊರಗೆ ಬಂದಿದ್ದ ಬೀದಿಯವರಿಗೆ ಒಂದಕ್ಷರವೂ ಕೇಳಿಸಲಿಲ್ಲ. ಪೋಸ್ಟ್‌ಮಾಸ್ಟರು ಗುಡಿಸುತ್ತ ಗುಡಿಸುತ್ತ ಪಕ್ಕದವರ ಅಂಗಳವನ್ನೂ ಗುಡಿಸಿ ಮೇಷ್ಟ್ರ ಗೇಟಿನವರೆಗೆ ಬಂದಿದ್ದರು.

ಜೀಪು ಹತ್ತುವ ಮೊದಲು ಮೇಷ್ಟ್ರು ಲಾಂಡ್ರಿಯ ಕಿಟಕಿಯತ್ತ ತಿರುಗಿದರು. ಒಂದು ಕಾಲಿಗೆ ಕಪ್ಪು ಚಪ್ಪಲಿ, ಇನ್ನೊಂದಕ್ಕೆ ಕಂದು.

"ಅಕ್ಕ, ನನ್ನ ಎರಡು ಶರ್ಟು ನಿಮ್ಮಲ್ಲೇ ಇರ್ಲಿ. ಯಾವಾಗ ಬರ್ತೀನೋ ಗೊತ್ತಿಲ್ಲ" ಎಂದರು.

ಸಿಟ್ಟಿಲ್ಲ, ದೂರಿಲ್ಲ. ಒಂದು ಬೈಗುಳ ಬೈದಿದ್ದರೆ ಅಕ್ಕನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಜೀಪು ತಿರುವಿನಲ್ಲಿ ಮರೆಯಾದಮೇಲೆ ಅವಳು ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆದದ್ದು ಇಷ್ಟು. ಈ ಲಾಂಡ್ರಿಯಲ್ಲಿ ಚೀಟಿ ಇಲ್ಲ, ನಂಬರು ಇಲ್ಲ. ಪ್ರತಿ ಗಿರಾಕಿಗೂ ಒಂದು ದಾರದ ಗುರುತು. ಬಟ್ಟೆಯ ಕಾಲರಿನ ಒಳಗೆ ಒಂದೋ ಎರಡೋ ಮೂರೋ ಹೊಲಿಗೆ. ಡಾಕ್ಟರಿಗೆ ಎರಡು ಕೆಂಪು, ಪೋಸ್ಟ್‌ಮಾಸ್ಟರಿಗೆ ಒಂದು ಹಸಿರು, ಲೈಬ್ರರಿ ಮೇಷ್ಟ್ರಿಗೆ ಮೂರು ನೀಲಿ. ಯಾವುದು ಯಾರದೆಂಬುದು ಅಕ್ಕ ಮತ್ತು ಅವಳ ಅತ್ತೆಯ ತಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಬರೆದಿಟ್ಟಿರಲಿಲ್ಲ.

ಸೋಮವಾರ ಇನ್‌ಸ್ಪೆಕ್ಟರು ಆ ಕೋಟನ್ನು ಪೇಪರಿನಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದಿದ್ದರು. ಅತ್ತೆ ಊರಲ್ಲಿರಲಿಲ್ಲ, ಮಗಳ ಮನೆಗೆ ಹೋಗಿದ್ದರು. ಇನ್‌ಸ್ಪೆಕ್ಟರು ಕಾಲರು ಮಗುಚಿ, ಈ ದಾರ ನೋಡಿ ಏನಾದರೂ ಗೊತ್ತಾಗುತ್ತದೆಯೇ ಎಂದು ಕೇಳಿದರು. ಗೊತ್ತಿಲ್ಲ ಎನ್ನುವುದು ಅಕ್ಕನ ಹುಟ್ಟುಗುಣದಲ್ಲೇ ಇಲ್ಲ. ಯಾರಾದರೂ ದಾರಿ ಕೇಳಿದರೆ ಗೊತ್ತಿಲ್ಲದಿದ್ದರೂ ಎಡಕ್ಕೆ ತಿರುಗಿ ಎನ್ನುವವಳು. ಕೋಟನ್ನು ಸರಿಯಾಗಿ ಮುಟ್ಟಿಯೂ ನೋಡದೆ, "ಮೂರು ನೀಲಿನಾ? ಅದು ನಮ್ಮ ಲೈಬ್ರರಿ ಮೇಷ್ಟ್ರದ್ದಲ್ವಾ" ಎಂದುಬಿಟ್ಟಳು. ಅವಳ ಜ್ಞಾಪಕಶಕ್ತಿಯನ್ನು ಇನ್‌ಸ್ಪೆಕ್ಟರು ಹೊಗಳಿದರು. ಆ ದಿನವೆಲ್ಲ ಅವಳ ಕಾಲು ನೆಲದ ಮೇಲಿರಲಿಲ್ಲ.

ರಾತ್ರಿ ಗಂಡನಿಗೂ ಇದನ್ನು ಬಣ್ಣ ಕಟ್ಟಿ ಹೇಳಿದ್ದಳು. ಬಟ್ಟೆ ಮುಟ್ಟಿಸಲು ಮನೆಮನೆಗೆ ಸೈಕಲ್ಲಿನಲ್ಲಿ ಹೋಗುವ, ಹೋದಲ್ಲೆಲ್ಲ ಅರ್ಧ ಗಂಟೆ ಹರಟೆ ಹೊಡೆಯುವ ಮನುಷ್ಯ, ಅವತ್ತು ಮಾತ್ರ ಊಟ ಅರ್ಧಕ್ಕೇ ಬಿಟ್ಟು ಎದ್ದುಹೋಗಿದ್ದ.

ಮಧ್ಯಾಹ್ನದ ಬಸ್ಸಿಗೆ ಅತ್ತೆ ಬಂದರು. ಬೀದಿಯ ತುದಿಯಿಂದ ಲಾಂಡ್ರಿಯವರೆಗಿನ ನೂರು ಹೆಜ್ಜೆಯಲ್ಲೇ ಅವರಿಗೆ ವಿಷಯ ನಾಲ್ಕು ಬಗೆಯಲ್ಲಿ ಸಿಕ್ಕಿತ್ತು. ಒಂದರ ಪ್ರಕಾರ ಮೇಷ್ಟ್ರು ಪಿಸ್ತೂಲು ತೆಗೆದಿದ್ದರು.

ಅಕ್ಕ ಎಲ್ಲವನ್ನೂ ಒಪ್ಪಿಕೊಂಡಳು. ಬೈಗುಳಕ್ಕೆ ತಲೆ ಬಗ್ಗಿಸಿಕೊಂಡು ನಿಂತಳು. ಅತ್ತೆ ಬೈಯಲಿಲ್ಲ. ಚೀಲ ಕೆಳಗಿಡದೆ ಒಂದೇ ಪ್ರಶ್ನೆ ಕೇಳಿದರು.

"ಗಂಟು ಯಾವ ಕಡೆಗಿತ್ತು?"

ಅಕ್ಕನಿಗೆ ನೆನಪಿರಲಿಲ್ಲ. ನೋಡಿದ್ದರೆ ತಾನೇ ನೆನಪಿರಲು.

"ಮಾತು ಮನೆ ಕೆಡಿಸ್ತು ಅಂತಾರೆ. ನಿನ್ನ ಮಾತು ಎದುರುಮನೇನ ಕೆಡಿಸ್ತು ಕಣೇ. ನಡಿ" ಎಂದು ಅತ್ತೆ ಬಂದ ಕಾಲಲ್ಲೇ ತಿರುಗಿದರು.

ಈ ಅತ್ತೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಲವತ್ತು ವರ್ಷ ಊರಿನ ಕೊಳೆ ತೊಳೆದವರು. ಯಾರ ತೋಳಿನ ಮೇಲೆ ಯಾವ ಕಲೆ, ಯಾರ ಜೇಬಿನಲ್ಲಿ ಯಾವ ಚೀಟಿ, ಎಲ್ಲ ಬಲ್ಲವರು. ಹಾಗೆಂದು ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸಿದವರಲ್ಲ. ಬೀದಿಯವರು ಅವರಿಗೆ ಹೆದರುತ್ತಿದ್ದದ್ದು ಅದಕ್ಕೇ.

ಠಾಣೆಯಲ್ಲಿ ಇನ್‌ಸ್ಪೆಕ್ಟರು ಕುರ್ಚಿಯಿಂದ ಅರ್ಧ ಎದ್ದರು. ಅವರ ಪ್ಯಾಂಟಿನ ಸೊಂಟವನ್ನು ಈ ವರ್ಷವೇ ಎರಡು ಸಲ ಸೊಸೆಯ ಕೈಯಲ್ಲಿ ಬಿಡಿಸಿ ಹೊಲಿಸಿಕೊಟ್ಟವರು ಅತ್ತೆ.

"ಕೂತ್ಕೊಳ್ಳಿ ಕೂತ್ಕೊಳ್ಳಿ" ಎಂದರು ಅತ್ತೆ. "ಹೊಲಿಗೆ ಇನ್ನೊಂದು ಸಲ ತಡೆಯಲ್ಲ."

ಕಾನ್‌ಸ್ಟೇಬಲ್ಲು ಗೋಡೆಯ ಕಡೆ ತಿರುಗಿಕೊಂಡ. ಇನ್‌ಸ್ಪೆಕ್ಟರು ಕೆಮ್ಮಿ, ಏನಾಗಬೇಕಿತ್ತು ಎಂದು ಕೇಳಿದರು. ಕೋಟು ನೋಡಬೇಕು ಎಂದು ಅತ್ತೆ ಹೇಳಿದರು. ಅದು ಸಾಕ್ಷಿ, ಹಾಗೆಲ್ಲ ತೋರಿಸುವಂತಿಲ್ಲ ಎಂದು ಅವರು ವಿವರಿಸುತ್ತಿರುವಾಗಲೇ ಅತ್ತೆ ಮೇಜಿನ ಮೇಲಿದ್ದ ಪೇಪರು ಬಿಚ್ಚಿ ಕೋಟನ್ನು ಹೊರತೆಗೆದಿದ್ದರು. ಕಪ್ಪು ಉಣ್ಣೆಯ ಕೋಟು, ಒಂದು ಕಡೆ ತಂತಿ ತಾಗಿ ಹರಿದಿತ್ತು.

ಮೊದಲು ಅದನ್ನು ಮೇಷ್ಟ್ರಿಗೆ ತೊಡಿಸಲು ಹೇಳಿದರು. ಮೇಷ್ಟ್ರು ಕಂಬಿಯ ಹಿಂದೆ ಕೂತು ಠಾಣೆಯ ಹಳೆಯ ಕಡತಗಳನ್ನು ವರ್ಷವಾರು ಜೋಡಿಸುತ್ತಿದ್ದರು. ಅವು ಚೆಲ್ಲಾಪಿಲ್ಲಿಯಾಗಿದ್ದದ್ದನ್ನು ನೋಡಲಾಗಲಿಲ್ಲವಂತೆ. ಕೋಟು ತೊಟ್ಟಾಗ ಅವರ ಬೆರಳುಗಳು ತೋಳಿನೊಳಗೇ ಉಳಿದವು. ಹೆಗಲು ಎರಡೂ ಕಡೆ ಜಾರಿ ಇಳಿಯಿತು.

"ಕಳ್ಳತನಕ್ಕೆ ಹೋಗೋರು ಅಳತೆ ನೋಡಿ ಹಾಕ್ಕೊಳ್ತಾರಾ ಅಮ್ಮ?" ಎಂದರು ಇನ್‌ಸ್ಪೆಕ್ಟರು. "ಗುರುತು ಇವರದ್ದೇ ಇದೆ. ನಿಮ್ಮ ಸೊಸೆನೇ ಹೇಳಿದ್ದು."

ಅಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವಳು ಮೇಷ್ಟ್ರ ಕಡೆ ನೋಡಲಿಲ್ಲ. ಮೇಷ್ಟ್ರೇ ಅವಳ ಕಡೆ ನೋಡಿ, ಪರವಾಗಿಲ್ಲ ಎನ್ನುವಂತೆ ತಲೆಯಾಡಿಸಿದರು. ಅದು ಇನ್ನೂ ಕೆಟ್ಟದಾಗಿತ್ತು.

ಅತ್ತೆ ಕೋಟನ್ನು ವಾಪಸು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಕಾಲರು ಮಗುಚಿ, ಕಣ್ಣಿಗಿಂತ ಹೆಚ್ಚು ಬೆರಳಿನಿಂದಲೇ ನೋಡಿದರು.

"ಇಲ್ಲಿ ಬನ್ನಿ. ಗಂಟು ಯಾವ ಕಡೆಗಿದೆ?"

"ಎಡಕ್ಕೆ."

"ನನ್ನ ಸೊಸೆ ಬಲಗೈಯವಳು. ಅವಳ ಗಂಟು ಬಲಕ್ಕೆ ಬೀಳುತ್ತೆ. ನಾನು ಎಡಗೈಯವಳು." ಅತ್ತೆ ಎಡಗೈಯನ್ನು ಅವರ ಮೂಗಿನ ಹತ್ತಿರ ಹಿಡಿದರು. "ನನ್ನ ಕಣ್ಣಿಗೆ ಪೊರೆ ಬಂದು ಸೂಜಿ ಬಿಟ್ಟು ಒಂಬತ್ತು ವರ್ಷ ಆಯ್ತು. ಮೇಷ್ಟ್ರು ನಮ್ಮ ಬೀದಿಗೆ ಬಂದು ಆರು ವರ್ಷ. ಅವರ ಕೋಟಿಗೆ ನಾನು ಗಂಟು ಹಾಕಿದ್ದು ಯಾವಾಗ, ಕನಸಲ್ಲಾ?"

ಇನ್‌ಸ್ಪೆಕ್ಟರು ಬೆರಳು ಮಡಿಸಿ ಲೆಕ್ಕ ಹಾಕಿದರು. ಇನ್ನೊಂದು ಕೈಯ ಬೆರಳೂ ಬೇಕಾಯಿತು. ಹಾಗಾದರೆ ಒಂದೇ ಗುರುತು ಇಬ್ಬರಿಗೆ ಹೇಗೆ ಎಂದು ಕೇಳಿದರು. ದಾರದ ಬಣ್ಣ ಇರುವುದೇ ಆರು, ಒಂದೊಂದು ಬಣ್ಣಕ್ಕೆ ಮೂರೇ ಗುರುತು, ಬೀದಿಯಲ್ಲಿ ಮನೆಗಳಿರುವುದು ಹದಿನೆಂಟು, ಒಬ್ಬ ಗಿರಾಕಿ ಹೋದರೆ ಅವನ ಗುರುತು ಹೊಸಬನಿಗೆ ಎಂದು ಅತ್ತೆ ತಿಳಿಸಿ ಹೇಳಿದರು. ಅಕ್ಕ ಹಣೆ ಹಣೆ ಚಚ್ಚಿಕೊಂಡಳು. ಈ ಪದ್ಧತಿ ಅವಳಿಗೂ ಗೊತ್ತಿದ್ದದ್ದೇ. ಮೂರು ನೀಲಿ ಖಾಲಿ ಇದೆ ಎಂದು ಆರು ವರ್ಷದ ಹಿಂದೆ ಮೇಷ್ಟ್ರಿಗೆ ಕೊಟ್ಟವಳೇ ಅವಳು. ಮೊದಲು ಅದು ಯಾರದಾಗಿತ್ತೆಂದು ಮಾತ್ರ ಕೇಳಿರಲಿಲ್ಲ.

"ಸರಿ ಅಮ್ಮ, ಒಪ್ಪಿದೆ. ಮೇಷ್ಟ್ರಿಗಿಂತ ಮುಂಚೆ ಈ ಗುರುತು ಯಾರದ್ದು? ಅದೊಂದು ಹೇಳಿಬಿಡಿ, ಇವರನ್ನ ಈಗಲೇ ಬಿಡ್ತೀನಿ."

ಅತ್ತೆಯ ಮುಖ ಅರಳಿತು. ಇಂಥ ಪ್ರಶ್ನೆಗೆ ಉತ್ತರ ಹೇಳುವುದೆಂದರೆ ಅವರಿಗೆ ಹಬ್ಬ. ಹೇಳುವ ಮೊದಲು ಖಚಿತ ಮಾಡಿಕೊಳ್ಳಲೆಂದು ಕೋಟಿನ ಮುಂಭಾಗವನ್ನು ಮಗುಚಿ ಒಳಗಡೆ ಕೈಯಾಡಿಸಿದರು. ಕೈ ಒಂದು ಕಡೆ ನಿಂತಿತು.

ಕೋಟನ್ನು ಮೂಗಿಗೆ ಹಿಡಿದು ಮೂಸಿದರು. ಮತ್ತೆ ಮಡಿಸಿದರು. ಪೇಪರು ಸುತ್ತಿದರು.

"ಮರೆತುಹೋಯ್ತು" ಎಂದರು.

ಅಕ್ಕ ಬೆಚ್ಚಿಬಿದ್ದು ಅತ್ತೆಯ ಮುಖ ನೋಡಿದಳು. ಸೊಸೆಯ ಮದುವೆಯ ದಿನ ಪೋಸ್ಟ್‌ಮಾಸ್ಟರು ಯಾವ ಬಣ್ಣದ ಕಾಲುಚೀಲ ಹಾಕಿದ್ದರು, ಅದರಲ್ಲಿ ಎಷ್ಟು ತೂತಿದ್ದವು ಎಂದು ಇವತ್ತಿಗೂ ಹೇಳುವ ಹೆಂಗಸಿಗೆ ಮರೆವೇ?

ಇನ್‌ಸ್ಪೆಕ್ಟರಿಗೂ ಅನುಮಾನ ಬಂದಿರಬೇಕು. ನಾಲ್ಕು ಗಂಟೆಗೆ ಮೇಷ್ಟ್ರನ್ನು ಕೋರ್ಟಿಗೆ ಒಪ್ಪಿಸಬೇಕು, ಅಲ್ಲಿಂದ ಜೈಲಿಗೆ ಕಳಿಸಿದರೆ ತಮ್ಮ ಕೈಯಲ್ಲಿ ಏನೂ ಇರುವುದಿಲ್ಲ, ಅಷ್ಟರೊಳಗೆ ನೆನಪಾದರೆ ಹೇಳಿ ಎಂದರು. ಗೋಡೆಯ ಗಡಿಯಾರದಲ್ಲಿ ಮೂರೂವರೆ ದಾಟಿತ್ತು. ಮೇಷ್ಟ್ರು ಕಡತ ಜೋಡಿಸುವುದನ್ನು ನಿಲ್ಲಿಸಿ, ಕನ್ನಡಕ ತೆಗೆದು ಒರೆಸತೊಡಗಿದರು.

ಠಾಣೆಯ ಹೊರಗೆ ಮರದ ಕೆಳಗೊಂದು ಕಲ್ಲುಬೆಂಚು. ಅತ್ತೆ ಅದರ ಮೇಲೆ ಕುಸಿದು ಕೂತರು. ಅಕ್ಕ ಕೂರಲಿಲ್ಲ.

"ನಿಮಗೆ ಗೊತ್ತು ಅತ್ತೆ. ಯಾರದ್ದು ಅದು?"

"ಮೂಲೆಮನೆ ಯಜಮಾನರದ್ದು."

ಮೂಲೆಮನೆಯಮ್ಮನ ಯಜಮಾನರು ಸತ್ತು ಹನ್ನೊಂದು ವರ್ಷವಾಗಿತ್ತು. ಬೆಳಗಿನ ಜಾವ ಸರೋವರಕ್ಕೆ ಮೀನು ಹಿಡಿಯಲು ಹೋದವರು. ಸಂಜೆಗೆ ಬರೀ ದೋಣಿ ದಡಕ್ಕೆ ಬಂದಿತ್ತು. ಎಂಟು ದಿನ ಹುಡುಕಿದರೂ ಮೈ ಸಿಗಲಿಲ್ಲ. ಆ ದುಃಖಕ್ಕೆ ಇಡೀ ಬೀದಿ ಒಂದು ತಿಂಗಳು ಜೋರಾಗಿ ಮಾತಾಡಿರಲಿಲ್ಲ.

"ಆವತ್ತು ಬೆಳಿಗ್ಗೆ ಚಳಿ ಅಂತ ಅಂಗಡಿ ಬಾಗಿಲು ತಟ್ಟಿ ಈ ಕೋಟು ಇಸ್ಕೊಂಡು ಹೋದ್ರು. ನಾನೇ ಹೆಗಲಿಗೆ ಹಾಕಿದ್ದೆ" ಎಂದರು ಅತ್ತೆ.

"ಅಂದ್ರೆ ಅವರು ಬದುಕಿದಾರಾ?"

"ಸತ್ತವರು ಗೋಡೆ ಹಾರಲ್ಲ ಕಣೇ."

ಚದುರಂಗದ ಪೆಟ್ಟಿಗೆ ಅವರದ್ದೇ. ತನ್ನ ಮನೆಗೆ ತಾನೇ ನುಗ್ಗಿ ತನ್ನ ಸಾಮಾನನ್ನು ತಾನೇ ಕದ್ದ ಕಳ್ಳ. ಅಕ್ಕನಿಗೆ ನಗು ಬಂತು, ಹೆದರಿಕೆಯೂ ಆಯಿತು. ಇಷ್ಟು ಒಳ್ಳೆಯ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೊರಗೆ ಬಂದು ಕೂರುವುದೇ? ಬನ್ನಿ, ಈಗಲೇ ಹೇಳೋಣ, ಮೇಷ್ಟ್ರು ಮನೆಗೆ ಬರುತ್ತಾರೆ ಎಂದು ಅತ್ತೆಯ ತೋಳು ಹಿಡಿದು ಎಳೆದಳು.

ಅತ್ತೆ ಅಲುಗಲಿಲ್ಲ.

"ಹೇಳೋಕೆ ಬಾಯಿ ತೆಗೆದಿದ್ದೆ. ಆ ಕೋಟು ಹೋದ ವಾರ ನಮ್ಮ ಸೋಪಿನಲ್ಲೇ ಒಗೆದಿರೋದು. ಒಳಗಡೆ, ಎರಡನೇ ಗುಂಡಿ ಪಕ್ಕ, ಇಸ್ತ್ರಿ ಪೆಟ್ಟಿಗೆ ಮೂತಿ ಕೂತು ಹೊಳಪು ಬಿದ್ದಿದೆ. ಅರ್ಧಚಂದ್ರ."

ಅಕ್ಕನ ಹಿಡಿತ ತಾನಾಗಿಯೇ ಸಡಿಲವಾಯಿತು.

ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಊರಿನಲ್ಲಿ ಕೋಟಿನ ಎರಡನೇ ಗುಂಡಿಯ ಬಳಿ ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿಕೊಂಡು, ಹಿಂದೆ ತಿರುಗಿ ಹರಟೆ ಹೊಡೆಯುವ ಮನುಷ್ಯ ಒಬ್ಬನೇ. ಚಿಕ್ಕಂದಿನಲ್ಲಿ ಇದಕ್ಕಾಗಿ ಅವನು ತಾಯಿಯಿಂದ ಏಟು ತಿಂದಿದ್ದ. ಮದುವೆಯಾದಮೇಲೆ ಹೆಂಡತಿಯಿಂದ ಬೈಗುಳ ತಿಂದಿದ್ದ. ಕೊನೆಗೆ ಇಬ್ಬರೂ ಸೇರಿ ಅವನ ಕೈಯಿಂದ ಇಸ್ತ್ರಿ ಪೆಟ್ಟಿಗೆ ಕಿತ್ತುಕೊಂಡು ಸೈಕಲ್ಲು ಕೊಟ್ಟಿದ್ದರು.

"ಅವರಾ?" ಎಂದಳು.

"ನನ್ನ ಮಗನೇ" ಎಂದರು ಅತ್ತೆ. "ಸತ್ತವರ ಕೋಟು ಒಗೆದು, ಇಸ್ತ್ರಿ ಮಾಡಿ, ಕೊಟ್ಟಿದಾನೆ. ಅವರು ಎಲ್ಲಿದಾರೆ ಅಂತ ಅವನಿಗೆ ಗೊತ್ತು. ಹೆತ್ತ ನನಗೂ ಹೇಳ್ಲಿಲ್ಲ, ಕಟ್ಕೊಂಡ ನಿನಗೂ ಹೇಳ್ಲಿಲ್ಲ."

ಅಕ್ಕನಿಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಹನ್ನೆರಡು ವರ್ಷ ಜೊತೆಗಿದ್ದು, ದಿನಕ್ಕೆ ನೂರು ಬೇಡದ ಮಾತಾಡಿ, ಆಡಬೇಕಾದ ಒಂದು ಮಾತನ್ನು ಬಚ್ಚಿಟ್ಟ ಗಂಡ. ಆಮೇಲೆ ಭಯ ಬಂತು. ನಿಜ ಹೇಳಿದರೆ ಅವನು ಕಳ್ಳನ ಜೊತೆಗಾರ. ಹೇಳದಿದ್ದರೆ, ಬೈಯಲೂ ಬಾರದ ಆ ಮೇಷ್ಟ್ರು ನಾಲ್ಕು ಗಂಟೆಗೆ ಕೋರ್ಟಿಗೆ. ಅವರನ್ನು ಅಲ್ಲಿಗೆ ಕಳಿಸಿದ್ದು ತನ್ನ ನಾಲಿಗೆಯೇ.

"ಏನು ಮಾಡೋಣ ಅತ್ತೆ?"

ಅತ್ತೆ ಸೊಸೆಯ ಕೈ ಹಿಡಿದು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಹದಿನೆಂಟು ಮನೆಯ ಬಟ್ಟೆ ಹಿಂಡಿ ಹಿಂಡಿ ಒರಟಾದ ಎರಡು ಕೈಗಳು.

ಅಷ್ಟರಲ್ಲಿ ಸೈಕಲ್ಲೊಂದು ಠಾಣೆಯ ಗೇಟು ದಾಟಿ ಒಳಗೆ ಬಂತು. ಕ್ಯಾರಿಯರಿನ ಮೇಲೆ ಹಂಚದೆ ಉಳಿದ ಬಟ್ಟೆಗಂಟು. ಗಂಡ ಸೈಕಲ್ಲನ್ನು ಗೋಡೆಗೆ ಆನಿಸಿದ. ಬೆಂಚಿನ ಮೇಲಿದ್ದ ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ದಾರಿಯಲ್ಲಿ ಹೋಗುವ ನಾಯಿಯನ್ನೂ ಮಾತಾಡಿಸುವ ಮನುಷ್ಯ ಒಂದು ಮಾತೂ ಆಡದೆ ಮೆಟ್ಟಿಲು ಹತ್ತಿದ.

ಅತ್ತೆ ಸೊಸೆ ಇಬ್ಬರೂ ಹಿಂದೆಯೇ ಓಡಿದರು. ಅವರು ಒಳಗೆ ಬರುವಷ್ಟರಲ್ಲಿ ಅವನು ಇನ್‌ಸ್ಪೆಕ್ಟರ ಮೇಜಿನ ಮುಂದೆ ಕೈಕಟ್ಟಿ ನಿಂತಿದ್ದ.

"ಮೇಷ್ಟ್ರನ್ನ ಬಿಟ್ಬಿಡಿ ಸಾರ್. ಆ ಕೋಟು ನಂದು. ಪೆಟ್ಟಿಗೆ ತಗೊಂಡೋನೂ ನಾನೇ."

ಕಾನ್‌ಸ್ಟೇಬಲ್ಲನ ಕೈಯಲ್ಲಿದ್ದ ಲೋಟ ವಾಲಿ ನೀರು ಚೆಲ್ಲಿತು. ಇನ್‌ಸ್ಪೆಕ್ಟರು ಪೆಟ್ಟಿಗೆ ಎಲ್ಲಿದೆ ಎಂದು ಕೇಳಿದರು. ಅದನ್ನು ಹೇಳುವುದಿಲ್ಲ ಎಂದ. ಯಾಕೆ ಕದ್ದೆ ಎಂದು ಕೇಳಿದರು. ಅದನ್ನೂ ಹೇಳುವುದಿಲ್ಲ ಎಂದ. ನಿನಗೆ ಚದುರಂಗ ಆಡಲು ಬರುತ್ತದೆಯೇ ಎಂದು ಕೇಳಿದರು. ಸ್ವಲ್ಪ ಯೋಚಿಸಿ, ಆನೆ ಯಾವುದು ಒಂಟೆ ಯಾವುದು ಅಂತ ಗೊತ್ತು ಸಾರ್ ಎಂದ.

ಇನ್‌ಸ್ಪೆಕ್ಟರು ಪೆನ್ನು ಕೆಳಗಿಟ್ಟು ಮೂವರ ಮುಖವನ್ನೂ ಒಂದೊಂದಾಗಿ ನೋಡಿದರು. ಕೊನೆಗೆ ಅವರ ದೃಷ್ಟಿ ಅಕ್ಕನ ಮೇಲೆ ನಿಂತಿತು.

"ಸೋಮವಾರ ಕೇಳಿದ ಕೂಡಲೇ ಹೇಳಿದ್ರಿ, ನೋಡಿ ಅದು ನನಗೆ ಇಷ್ಟ ಆಯ್ತು. ಈಗ್ಲೂ ನೀವೇ ಹೇಳಿಬಿಡಿ. ಈ ಕೋಟು ನಿಮ್ಮ ಯಜಮಾನರದ್ದಾ, ಅಲ್ವಾ?"

ಕಂಬಿಯ ಹಿಂದೆ ಮೇಷ್ಟ್ರು ಎದ್ದು ನಿಂತಿದ್ದರು. ಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷ. ಗಂಡ ನೆಲ ನೋಡುತ್ತಿದ್ದ. ಹೌದು ಎಂದರೆ ಮೇಷ್ಟ್ರು ಮನೆಗೆ, ಗಂಡ ಒಳಗೆ. ಅಲ್ಲ ಎಂದರೆ ಗಂಡ ಸುಳ್ಳುಗಾರ, ಮೇಷ್ಟ್ರು ಕೋರ್ಟಿಗೆ.

ಅಕ್ಕ ಬಾಯಿ ತೆರೆದಳು. ಮೇಜಿನ ಕೆಳಗೆ ಅತ್ತೆಯ ಕಾಲು ಅವಳ ಕಾಲನ್ನು ಬಲವಾಗಿ ತುಳಿಯಿತು. ಆದರೆ ತುಳಿದದ್ದು ಹೌದು ಎನ್ನಲೋ ಅಲ್ಲ ಎನ್ನಲೋ, ಅದು ಮಾತ್ರ ಅವಳಿಗೆ ತಿಳಿಯಲಿಲ್ಲ.